ಟೆಸ್ಟ್ ಫೋಲ್ಡರ್ ಹೇಗೆ ಜೋಡಿಸಬೇಕು? ಓದುಗರ ಪ್ರಶ್ನೆ, ಅಂಕಣದ ಉತ್ತರ

ಈ ಸಲ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ಪ್ರಶ್ನೆಗಳು ಬಹುತೇಕ ಒಂದೇ ಗಂಟಿನ ಸುತ್ತ ಇವೆ: ಆಟೊಮೇಟೆಡ್ ಟೆಸ್ಟ್‌ಗಳನ್ನು (ಕೋಡ್ ಸರಿಯಿದೆಯೇ ಎಂದು ತಾವೇ ನೋಡುವ ಸಣ್ಣ ಪ್ರೋಗ್ರಾಂಗಳನ್ನು) ಪ್ರಾಜೆಕ್ಟ್‌ನೊಳಗೆ ಎಲ್ಲಿ, ಹೇಗೆ ಇಡಬೇಕು ಎಂಬುದು. ಆದ್ದರಿಂದ ಪೂರ್ತಿ ಅಂಕಣ ಅದಕ್ಕೇ ಮೀಸಲು. ಫೈಲ್, ಫೋಲ್ಡರ್, ಕಮಾಂಡ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಅಚ್ಚು ಮಾಡಿದ್ದೇವೆ. ಗಣಕದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಪ್ರಶ್ನೆ: ನಾವು ತೊಗರಿ ಬ್ಯಾಳಿ ಮಿಲ್‌ಗಳಿಗೆ ಬಿಲ್ಲಿಂಗ್, ಸ್ಟಾಕ್ ಸಾಫ್ಟ್‌ವೇರ್ ಮಾಡಿ ಕೊಡ್ತೀವ್ರಿ. ಪೈಥಾನ್‌ನಾಗ ಬರ್ದೀವಿ. ಟೆಸ್ಟ್ 340 ಅವ, ಎಲ್ಲಾ ಒಂದೇ ಫೋಲ್ಡರ್‌ನಾಗ. ಪೂರಾ ಓಡ್ಲಿಕ್ಕೆ 11 ನಿಮಿಷ ಬೇಕು, ಹಿಂಗಾಗಿ ಯಾರೂ ಓಡ್ಸಂಗಿಲ್ಲ. ಬಿಲ್, ಸ್ಟಾಕ್, ಲೆಡ್ಜರ್ ಅಂತ ಮಾಡ್ಯೂಲ್ ಪ್ರಕಾರ ಫೋಲ್ಡರ್ ಮಾಡಿದ್ರ ಸಾಕೇನ್ರಿ?
— ಪ್ರೋಗ್ರಾಮರ್, ಕಲಬುರಗಿ

ಉತ್ತರ: ಸಾಲದು. ಮಾಡ್ಯೂಲ್ ಪ್ರಕಾರ ವಿಂಗಡಿಸಿದರೆ ಹುಡುಕುವುದು ಸುಲಭವಾದೀತು, 11 ನಿಮಿಷ ಮಾತ್ರ 11 ನಿಮಿಷವಾಗಿಯೇ ಉಳಿಯುತ್ತದೆ. ಬಿಲ್ ಫೋಲ್ಡರ್‌ನಲ್ಲೂ ಕ್ಷಣದಲ್ಲಿ ಮುಗಿಯುವ ಟೆಸ್ಟ್ ಇರುತ್ತದೆ, ಡೇಟಾಬೇಸ್ ಎಬ್ಬಿಸಿ ಅರ್ಧ ನಿಮಿಷ ತಿನ್ನುವ ಟೆಸ್ಟೂ ಇರುತ್ತದೆ. ಮೊದಲ ಜರಡಿ ಬೇರೆ ಇರಬೇಕು. ಹೊರಗಿನ ಫೋಲ್ಡರ್ ನೋಡಿದರೆ ಈ ಟೆಸ್ಟ್ ಓಡಲು ಏನೇನು ಬೇಕು ಎಂದು ತಿಳಿಯಬೇಕು. ಅದರೊಳಗಿನ ಫೋಲ್ಡರ್ ನೋಡಿದರೆ ಇದು ಯಾವ ಕೋಡ್‌ನ ಟೆಸ್ಟ್ ಎಂದು ತಿಳಿಯಬೇಕು. ನಿಮ್ಮ ಪ್ರಾಜೆಕ್ಟ್‌ಗೆ ಹೀಗೆ (ಕಾನ್ಫ್‌ಟೆಸ್ಟ್.ಪೈ ಎಂದರೆ, ಟೆಸ್ಟ್ ಓಡಿಸುವ ಪೈಟೆಸ್ಟ್ ಎಂಬ ಟೂಲ್ ತಾನೇ ಓದಿಕೊಳ್ಳುವ ಸೆಟಪ್ ಫೈಲ್):

ಟೆಸ್ಟ್ಸ್/
    ಕಾನ್ಫ್‌ಟೆಸ್ಟ್.ಪೈ
    ಯುನಿಟ್/
        ಬಿಲ್/
        ಸ್ಟಾಕ್/
        ಲೆಡ್ಜರ್/
    ಇಂಟಿಗ್ರೇಷನ್/
        ಕಾನ್ಫ್‌ಟೆಸ್ಟ್.ಪೈ
        ಬಿಲ್/
        ಸ್ಟಾಕ್/
    ಇ2ಇ/
    ಡೇಟಾ/

ಯುನಿಟ್‌ಗೆ ಹೋಗುವ ಟೆಸ್ಟ್ ಡಿಸ್ಕ್, ನೆಟ್‌ವರ್ಕ್, ಡೇಟಾಬೇಸ್, ಗಡಿಯಾರ ಈ ನಾಲ್ಕನ್ನೂ ಮುಟ್ಟಬಾರದು. 37 ಚೀಲ, ಚೀಲಕ್ಕೆ 50 ಕೆಜಿ, ಕ್ವಿಂಟಲ್‌ಗೆ 7,550 ರೂ. ದರ ಕೊಟ್ಟರೆ ಬಿಲ್ 1,39,675 ರೂ. ಬರುತ್ತದೆಯೇ ಎಂದು ನೋಡುವ ಟೆಸ್ಟ್‌ಗೆ ಇವುಗಳಲ್ಲಿ ಯಾವುದೂ ಬೇಕಿಲ್ಲ. ಅದೇ ಬಿಲ್ ಡೇಟಾಬೇಸ್‌ಗೆ ಸೇರಿ ಸ್ಟಾಕ್‌ನಲ್ಲಿ 18.5 ಕ್ವಿಂಟಲ್ ಕಡಿಮೆಯಾಯಿತೇ ಎಂದು ನೋಡುವುದು ಇಂಟಿಗ್ರೇಷನ್. ಬ್ರೌಸರ್ ತೆರೆದು, ಬಟನ್ ಒತ್ತಿ, ಪ್ರಿಂಟ್ ಪುಟದವರೆಗೆ ಹೋಗುವುದು ಇ2ಇ, ಅಂದರೆ ಎಂಡ್-ಟು-ಎಂಡ್.

ಇಂಟಿಗ್ರೇಷನ್‌ನಲ್ಲಿ ಗಿರಾಕಿಯ ಹತ್ತಿರ ಇರುವ ಡೇಟಾಬೇಸನ್ನೇ ಬಳಸಿ. ಮಿಲ್‌ನಲ್ಲಿ ಪೋಸ್ಟ್‌ಗ್ರೆಸ್ ಇಟ್ಟು, ಟೆಸ್ಟ್‌ಗೆ ಹಗುರ ಎಂದು ಎಸ್‌ಕ್ಯೂಲೈಟ್ ಇಟ್ಟರೆ ಟೆಸ್ಟ್ ಪಾಸ್ ಎಂದು ತೋರಿಸುವ ಹಸಿರು ಬಣ್ಣಕ್ಕೆ ಬೆಲೆ ಇರುವುದಿಲ್ಲ. 20 ಅಕ್ಷರದ ಮಿತಿ ಹಾಕಿದ ಕಾಲಂಗೆ 60 ಅಕ್ಷರ ತುಂಬಿದರೂ ಎಸ್‌ಕ್ಯೂಲೈಟ್ ಸುಮ್ಮನೆ ನುಂಗುತ್ತದೆ, ಪೋಸ್ಟ್‌ಗ್ರೆಸ್ ಎರರ್ ಕೊಡುತ್ತದೆ.

ಸಾಗಿಸುವ ಕೆಲಸವನ್ನು ಈ ಕ್ರಮದಲ್ಲಿ ಮಾಡಿ. ಮೊದಲು 'ಪೈಟೆಸ್ಟ್ --ಕಲೆಕ್ಟ್-ಓನ್ಲಿ -ಕ್ಯೂ' ಕೊಟ್ಟು ಒಟ್ಟು ಎಷ್ಟು ಟೆಸ್ಟ್ ಸಿಗುತ್ತವೆ ಎಂದು ಬರೆದಿಟ್ಟುಕೊಳ್ಳಿ. ನಂತರ 'ಪೈಟೆಸ್ಟ್ --ಡ್ಯುರೇಷನ್ಸ್=30' ಓಡಿಸಿ. ಅತಿ ನಿಧಾನದ 30 ಸಾಲು ಬರುತ್ತವೆ, ಸೆಟಪ್ (ತಯಾರಿ), ಕಾಲ್ (ಟೆಸ್ಟ್ ಓಟ), ಟಿಯರ್‌ಡೌನ್ (ಕೊನೆಯ ಶುಚಿ) ಎಂದು ಬೇರೆ ಬೇರೆಯಾಗಿ. ಸಮಯ ಸೆಟಪ್‌ನಲ್ಲೇ ಹೋಗುತ್ತಿದ್ದರೆ ತಪ್ಪು ಟೆಸ್ಟ್‌ನದಲ್ಲ, ಟೆಸ್ಟ್‌ಗೆ ಬೇಕಾದದ್ದನ್ನು ಮೊದಲೇ ಸಿದ್ಧಮಾಡಿ ಕೊಡುವ ಫಿಕ್ಸ್ಚರ್‌ನದು. ಆಮೇಲೆ ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಟೂಲ್‌ನ 'ಗಿಟ್ ಎಂವಿ' ಬಳಸಿ ಫೈಲುಗಳನ್ನು ಸಾಗಿಸಿ, ಆ ಕಮಿಟ್‌ನಲ್ಲಿ, ಅಂದರೆ ಗಿಟ್‌ಗೆ ಒಪ್ಪಿಸುವ ಆ ಕಂತಿನಲ್ಲಿ, ಸಾಗಣೆ ಬಿಟ್ಟು ಬೇರೇನನ್ನೂ ಸೇರಿಸಬೇಡಿ. ಗಿಟ್ ಹೆಸರು ಬದಲಾವಣೆಯನ್ನು ದಾಖಲಿಸುವುದಿಲ್ಲ, ಹಳೆಯ ಫೈಲೂ ಹೊಸ ಫೈಲೂ ಎಷ್ಟು ಹೋಲುತ್ತವೆ ಎಂದು ನೋಡಿ ಊಹಿಸುತ್ತದೆ. ಹೋಲಿಕೆಯ ಗಡಿ ಮಾಮೂಲಾಗಿ ಶೇ 50. ಸಾಗಿಸುತ್ತಲೇ ಅರ್ಧ ಫೈಲ್ ತಿದ್ದಿದರೆ ಹಳೆಯ ಇತಿಹಾಸದ ಕೊಂಡಿ ಕಳಚಿಕೊಳ್ಳುತ್ತದೆ. ಕೊನೆಗೆ ಮತ್ತೆ ಎಣಿಸಿ. ಮೊದಲು 340 ಇದ್ದದ್ದು ಈಗ 337 ಆಗಿದ್ದರೆ ಮೂರು ಟೆಸ್ಟ್ ದಾರಿಯಲ್ಲಿ ಬಿದ್ದಿವೆ. ಅವು ಸಿಗುವವರೆಗೆ ಮುಖ್ಯ ಕೋಡ್‌ಗೆ ಮರ್ಜ್ ಬೇಡ.

ಡೇಟಾಬೇಸ್ ತೆರೆಯುವ ಫಿಕ್ಸ್ಚರನ್ನು ಇಂಟಿಗ್ರೇಷನ್ ಫೋಲ್ಡರ್‌ನ ಕಾನ್ಫ್‌ಟೆಸ್ಟ್.ಪೈ ಒಳಗೆ ಮಾತ್ರ ಬರೆಯಿರಿ. ಆಗ ಯುನಿಟ್‌ನೊಳಗೆ ಯಾರಾದರೂ ಅದನ್ನು ಕೇಳಿದರೆ 'ಫಿಕ್ಸ್ಚರ್ ಸಿಗಲಿಲ್ಲ' ಎಂದು ಪೈಟೆಸ್ಟೇ ತಡೆಯುತ್ತದೆ. ತಂಡದವರಿಗೆ ನಿಯಮ ನೆನಪಿಸುತ್ತ ಕೂರುವ ಕೆಲಸವನ್ನು ಫೋಲ್ಡರೇ ಮಾಡುತ್ತದೆ. ನೆಟ್‌ವರ್ಕ್ ಕಡೆಗೂ ಬಾಗಿಲು ಹಾಕಬೇಕಿದ್ದರೆ ಪೈಟೆಸ್ಟ್-ಸಾಕೆಟ್ ಎಂಬ ಪ್ಲಗಿನ್ ಇದೆ.

ಇಷ್ಟಾದ ಮೇಲೆ ಪ್ರತಿ ಕಮಿಟ್‌ಗೆ 'ಪೈಟೆಸ್ಟ್ ಟೆಸ್ಟ್ಸ್/ಯುನಿಟ್', ಪುಷ್ ಆದಾಗ ಸಿಐನಲ್ಲಿ (ಟೆಸ್ಟ್‌ಗಳನ್ನು ತಾನೇ ಓಡಿಸುವ ಸರ್ವರ್‌ನಲ್ಲಿ) ಯುನಿಟ್ ಮತ್ತು ಇಂಟಿಗ್ರೇಷನ್, ಗಿರಾಕಿಗೆ ಹೊಸ ವರ್ಷನ್ ಕೊಡುವ ಮುಂಚೆ ಮೂರೂ. ಯುನಿಟ್ ಭಾಗ ಕೆಲವೇ ಸೆಕೆಂಡಿನಲ್ಲಿ ಮುಗಿಯದಿದ್ದರೆ ಅದರೊಳಗೆ ಇರಬಾರದ್ದು ಏನೋ ಸೇರಿಕೊಂಡಿದೆ ಎಂದೇ ಅರ್ಥ, ಮತ್ತೆ ಡ್ಯುರೇಷನ್ಸ್ ನೋಡಿ.

ಪ್ರಶ್ನೆ: ಫೋಲ್ಡರ್ ಬದಲು ಟೆಸ್ಟ್‌ಗಳ ಮೇಲೆ ಸ್ಲೋ, ಡಿಬಿ (ಡೇಟಾಬೇಸ್) ಎಂದು ಮಾರ್ಕರ್, ಅಂದರೆ ಗುರುತಿನ ಚೀಟಿ, ಹಾಕಿದರೆ ಆಗುವುದಿಲ್ಲವೇ? ಇಂಟಿಗ್ರೇಷನ್ ಫೋಲ್ಡರ್‌ನ ಕಾನ್ಫ್‌ಟೆಸ್ಟ್‌ನಲ್ಲಿ ಒಂದೇ ಸಲ ಪೈಟೆಸ್ಟ್‌ಮಾರ್ಕ್ ಎಂಬ ಸಾಲು ಬರೆದೆ, ಕೆಲಸ ಮಾಡಲಿಲ್ಲ.
— ಟೆಸ್ಟರ್, ಹುಮನಾಬಾದ್

ಉತ್ತರ: ಕಾನ್ಫ್‌ಟೆಸ್ಟ್ ಒಳಗೆ ಬರೆದ ಪೈಟೆಸ್ಟ್‌ಮಾರ್ಕ್‌ಗೆ ಯಾವ ಪರಿಣಾಮವೂ ಇಲ್ಲ. ಎರರೂ ಬರುವುದಿಲ್ಲ, ಮಾರ್ಕೂ ಬೀಳುವುದಿಲ್ಲ. ಫೋಲ್ಡರ್ ಪೂರ್ತಿಗೆ ಮಾರ್ಕ್ ಬೇಕಾದರೆ ಪೈಟೆಸ್ಟ್_ಕಲೆಕ್ಷನ್_ಮಾಡಿಫೈಐಟಮ್ಸ್ ಎಂಬ ಹುಕ್ (ಪೈಟೆಸ್ಟ್ ತಾನೇ ಕರೆಯುವ ಫಂಕ್ಷನ್) ಬಳಸಬೇಕು. ಅಲ್ಲೂ ಒಂದು ಗುಂಡಿ ಇದೆ: ಆ ಹುಕ್ ಒಳಗಿನ ಫೋಲ್ಡರ್‌ನಲ್ಲಿದ್ದರೂ ಅದಕ್ಕೆ ಸಿಗುವ ಪಟ್ಟಿಯಲ್ಲಿ ಇಡೀ ಪ್ರಾಜೆಕ್ಟ್‌ನ ಟೆಸ್ಟ್‌ಗಳು ಇರುತ್ತವೆ. ಐಟಂನ ಪಾಥ್ ಇಂಟಿಗ್ರೇಷನ್ ಒಳಗಿದೆಯೇ ಎಂದು ನೋಡದೆ ಮಾರ್ಕ್ ಹಚ್ಚಿದರೆ ಯುನಿಟ್ ಟೆಸ್ಟ್‌ಗಳಿಗೂ ಹತ್ತುತ್ತದೆ. ಆಗ 'ಡಿಬಿ ಬಿಟ್ಟು ಉಳಿದದ್ದು ಓಡಿಸು' ಎಂದರೆ ಒಂದೂ ಓಡುವುದಿಲ್ಲ.

ಮಾರ್ಕರ್ ಕೆಟ್ಟದ್ದಲ್ಲ. ಆದರೆ ಹಾಕಲು ಮರೆಯುವುದು ಸುಲಭ, ಫೈಲನ್ನು ಯಾವುದಾದರೂ ಒಂದು ಫೋಲ್ಡರ್‌ನಲ್ಲಿ ಇಡಲು ಮರೆಯುವುದು ಸಾಧ್ಯವೇ ಇಲ್ಲ. ಒಂದೇ ಟೆಸ್ಟ್‌ಗೆ ಎರಡು ಗುಣ ಇದ್ದಾಗ, ಅಂದರೆ ಇಂಟಿಗ್ರೇಷನ್ ಒಳಗಿನದೇ ಆಗಿ ಪ್ರಿಂಟರ್ ಕೂಡ ಬೇಕು ಎಂಬಂಥ ಕಡೆ ಮಾರ್ಕರ್ ಇಡಿ. ಬಳಸುವ ಪ್ರತಿ ಹೆಸರನ್ನೂ ಸೆಟ್ಟಿಂಗ್ ಫೈಲ್‌ನಲ್ಲಿ ನಮೂದಿಸಿ '--ಸ್ಟ್ರಿಕ್ಟ್-ಮಾರ್ಕರ್ಸ್' ಹಾಕಿ. ಇಲ್ಲವಾದರೆ ಸ್ಲೋ ಎಂಬುದನ್ನು ತಪ್ಪು ಸ್ಪೆಲ್ಲಿಂಗ್‌ನಲ್ಲಿ ಬರೆದರೂ ಬರೀ ವಾರ್ನಿಂಗ್ ಬಂದು ಹೋಗುತ್ತದೆ.

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟ್‌ಗೆ ಬಿದರಿ ಸಾಮಾನು ಮಾರುವ ವೆಬ್‌ಸೈಟ್ ಮಾಡುತ್ತಿದ್ದೇವೆ. ಯುನಿಟ್‌ನಲ್ಲಿ ಒಂದು ಟೆಸ್ಟ್_ಕಾರ್ಟ್.ಪೈ, ಇಂಟಿಗ್ರೇಷನ್‌ನಲ್ಲಿ ಇನ್ನೊಂದು ಟೆಸ್ಟ್_ಕಾರ್ಟ್.ಪೈ ಇದೆ. ಬೇರೆ ಬೇರೆ ಓಡಿಸಿದರೆ ಎರಡೂ ಪಾಸ್. ಒಟ್ಟಿಗೆ ಓಡಿಸಿದರೆ 'ಇಂಪೋರ್ಟ್ ಫೈಲ್ ಮಿಸ್‌ಮ್ಯಾಚ್' ಎಂದು ನಿಲ್ಲುತ್ತದೆ. ಹೆಸರು ಬದಲಿಸುವುದೊಂದೇ ದಾರಿಯೇ?
— ಬಿಇ ವಿದ್ಯಾರ್ಥಿಗಳು, ಬೀದರ್

ಉತ್ತರ: ಹೆಸರು ಬದಲಿಸಿದರೆ ಇವತ್ತಿನ ಕೆಲಸ ಆಗುತ್ತದೆ, ಆದರೆ ಕಾರಣ ತಿಳಿಯದಿದ್ದರೆ ಮುಂದಿನ ತಿಂಗಳು ಟೆಸ್ಟ್_ಆರ್ಡರ್.ಪೈ ಹತ್ತಿರ ಇದೇ ಕಥೆ. ಪೈಟೆಸ್ಟ್ ಮಾಮೂಲಾಗಿ ಪ್ರಿಪೆಂಡ್ ಎಂಬ ರೀತಿಯಲ್ಲಿ ಫೈಲುಗಳನ್ನು ಇಂಪೋರ್ಟ್ ಮಾಡುತ್ತದೆ. ಫೋಲ್ಡರ್‌ನಲ್ಲಿ __ಇನಿಟ್__.ಪೈ ಇಲ್ಲದಿದ್ದರೆ ಆ ಫೋಲ್ಡರನ್ನೇ ಪೈಥಾನ್ ಹುಡುಕುವ ದಾರಿಯ ಮೊದಲಿಗೆ ಸೇರಿಸಿ, ಫೈಲಿಗೆ ಟೆಸ್ಟ್_ಕಾರ್ಟ್ ಎಂಬ ಬರೀ ಹೆಸರು ಕೊಡುತ್ತದೆ. ಎರಡನೇ ಫೈಲ್ ಬಂದಾಗ ಅದೇ ಹೆಸರು ಆಗಲೇ ನೆನಪಿನಲ್ಲಿರುತ್ತದೆ, ಆದರೆ ಅದು ಬೇರೆ ಫೋಲ್ಡರ್‌ನದು. ಅಲ್ಲಿಗೆ ಜಗಳ.

ದಾರಿ ಎರಡಿವೆ. ಟೆಸ್ಟ್ಸ್, ಯುನಿಟ್, ಇಂಟಿಗ್ರೇಷನ್ ಮತ್ತು ಅವುಗಳ ಒಳಗಿನ ಪ್ರತಿ ಫೋಲ್ಡರ್‌ಗೂ ಖಾಲಿ __ಇನಿಟ್__.ಪೈ ಹಾಕುವುದು ಒಂದು. ಆಗ ಪೂರ್ತಿ ಹೆಸರು ಟೆಸ್ಟ್ಸ್.ಯುನಿಟ್.ಟೆಸ್ಟ್_ಕಾರ್ಟ್ ಎಂದಾಗುತ್ತದೆ, ಜಗಳ ಇಲ್ಲ. ಹಾಕುವುದಾದರೆ ಎಲ್ಲ ಕಡೆ ಹಾಕಿ. ನಡುವೆ ಒಂದು ಫೋಲ್ಡರ್ ಬಿಟ್ಟರೆ ಹೆಸರು ಅಲ್ಲಿಗೇ ತುಂಡಾಗಿ ಮತ್ತೆ ಡಿಕ್ಕಿ ಹೊಡೆಯುತ್ತದೆ. ಇನ್ನೊಂದು ದಾರಿ ಸೆಟ್ಟಿಂಗ್‌ನಲ್ಲಿ '--ಇಂಪೋರ್ಟ್-ಮೋಡ್=ಇಂಪೋರ್ಟ್‌ಲಿಬ್' ಕೊಡುವುದು. ಹೊಸ ಪ್ರಾಜೆಕ್ಟ್ ಆದ್ದರಿಂದ ನಿಮಗೆ ಇದು ವಾಸಿ. ಇದರಲ್ಲಿ ಹುಡುಕುವ ದಾರಿಗೆ ಏನೂ ಸೇರುವುದಿಲ್ಲ, ಹಾಗಾಗಿ ಟೆಸ್ಟ್ ಫೋಲ್ಡರ್‌ನೊಳಗಿನ ಹೆಲ್ಪರ್ ಫೈಲನ್ನು 'ಇಂಪೋರ್ಟ್ ಹೆಲ್ಪರ್ಸ್' ಎಂದು ನೇರವಾಗಿ ಕರೆಯಲು ಬರುವುದಿಲ್ಲ. ಹೆಲ್ಪರ್‌ಗಳನ್ನು ಫಿಕ್ಸ್ಚರ್ ಮಾಡಿ, ಇಲ್ಲವೆ ಪೈಟೆಸ್ಟ್ 7ರಿಂದ ಬಂದಿರುವ ಪೈಥಾನ್‌ಪಾಥ್ ಎಂಬ ಸೆಟ್ಟಿಂಗ್‌ನಲ್ಲಿ ಆ ಫೋಲ್ಡರ್ ಹೆಸರು ಕೊಡಿ.

ಇವುಗಳಲ್ಲಿ ಒಂದನ್ನು ಮಾಡಿದ ಮೇಲೂ ಅದೇ ಎರರ್ ಬಂದರೆ __ಪೈಕ್ಯಾಶ್__ ಫೋಲ್ಡರ್‌ಗಳನ್ನು ಅಳಿಸಿ ನೋಡಿ. ಫೈಲ್ ಸಾಗಿಸಿದಾಗ ಹಳೆಯ ಜಾಗದ ಪಡಿಯಚ್ಚು ಅಲ್ಲೇ ಉಳಿದಿರುತ್ತದೆ.

ನಿಮ್ಮ ವೆಬ್‌ಸೈಟ್ ಕೋಡ್ ಪ್ರಾಜೆಕ್ಟ್‌ನ ಬೇರಿನಲ್ಲೇ (ಎಲ್ಲಕ್ಕೂ ಹೊರಗಿನ ಫೋಲ್ಡರ್‌ನಲ್ಲೇ) ಇದ್ದರೆ ಅದನ್ನು ಎಸ್‌ಆರ್‌ಸಿ ಎಂಬ ಫೋಲ್ಡರ್‌ನೊಳಗೆ ಇಟ್ಟು 'ಪಿಪ್ ಇನ್‌ಸ್ಟಾಲ್ -ಇ .' ಮಾಡಿಕೊಳ್ಳಿ. ಬೇರಿನಲ್ಲೇ ಇದ್ದರೆ ಇನ್‌ಸ್ಟಾಲ್ ಆಗದ ಕೋಡ್ ಕೂಡ ಟೆಸ್ಟ್‌ಗೆ ಆಕಸ್ಮಿಕವಾಗಿ ಸಿಕ್ಕಿಬಿಡುತ್ತದೆ. ಸರ್ವರ್‌ಗೆ ಹಾಕಿದ ದಿನ 'ಮಾಡ್ಯೂಲ್ ಇಲ್ಲ' ಎಂಬ ಎರರ್ ಬರುವುದು ಅದರಿಂದಲೇ.

ಪ್ರಶ್ನೆ: ಟೆಸ್ಟ್ ಫೈಲ್ ಕೋಡ್‌ನ ಪಕ್ಕದಲ್ಲೇ ಇರಬೇಕೋ, ಬೇರೆ ಫೋಲ್ಡರ್‌ನಲ್ಲೋ? ಇಬ್ಬರು ಸೀನಿಯರ್‌ಗಳು ಎರಡು ಹೇಳುತ್ತಾರೆ.
— ಫ್ರೆಶರ್, ಶಹಾಪುರ

ಉತ್ತರ: ಇಬ್ಬರೂ ಸರಿ ಇರಬಹುದು, ಅವರು ಬೇರೆ ಬೇರೆ ಭಾಷೆಯವರಾಗಿದ್ದರೆ. ಗೋ ಭಾಷೆಯಲ್ಲಿ ಪಕ್ಕದಲ್ಲೇ ಇಡಬೇಕು, ಫೈಲ್ ಹೆಸರು _ಟೆಸ್ಟ್.ಗೋ ಎಂದು ಮುಗಿಯಬೇಕು. ಟೆಸ್ಟ್‌ಡೇಟಾ ಎಂಬ ಹೆಸರಿನ ಫೋಲ್ಡರನ್ನು ಗೋ ಟೂಲ್ ತಾನೇ ಬಿಟ್ಟುಬಿಡುತ್ತದೆ. ಜಾವಾದಲ್ಲಿ ಮೇವನ್ ಬಳಸಿದರೆ ಕೋಡ್ ಎಸ್‌ಆರ್‌ಸಿ/ಮೇನ್/ಜಾವಾ, ಟೆಸ್ಟ್ ಎಸ್‌ಆರ್‌ಸಿ/ಟೆಸ್ಟ್/ಜಾವಾ, ಒಳಗಿನ ಪ್ಯಾಕೇಜ್ ಹೆಸರು ಎರಡೂ ಕಡೆ ಒಂದೇ. ಹಾಗಿದ್ದರೆ ಮಾತ್ರ ಪ್ಯಾಕೇಜ್ ಮಟ್ಟದ ಮೆಥಡ್‌ಗಳು ಟೆಸ್ಟ್‌ಗೆ ಕಾಣುತ್ತವೆ. ರಸ್ಟ್‌ನಲ್ಲಿ ಯುನಿಟ್ ಟೆಸ್ಟ್ ಅದೇ ಫೈಲ್‌ನೊಳಗೆ, ಇಂಟಿಗ್ರೇಷನ್ ಟೆಸ್ಟ್ ಬೇರಿನ ಟೆಸ್ಟ್ಸ್ ಫೋಲ್ಡರ್‌ನಲ್ಲಿ. ಜಾವಾಸ್ಕ್ರಿಪ್ಟ್‌ನ ಜೆಸ್ಟ್ ಟೂಲ್ ಎರಡಕ್ಕೂ ಒಪ್ಪುತ್ತದೆ: __ಟೆಸ್ಟ್ಸ್__ ಫೋಲ್ಡರ್‌ನಲ್ಲಿಟ್ಟರೂ ಸರಿ, ಪಕ್ಕದಲ್ಲಿ .ಟೆಸ್ಟ್.ಜೆಎಸ್ ಎಂದಿಟ್ಟರೂ ಸರಿ. ಭಾಷೆಯ ರೂಢಿಗೆ ಎದುರು ಹೋಗಬೇಡಿ. ಎದುರು ಹೋದರೆ ಟೂಲ್‌ನ ಪ್ರತಿ ಸೆಟ್ಟಿಂಗನ್ನೂ ಕೈಯಲ್ಲಿ ತಿರುಗಿಸುತ್ತ ಕೂರಬೇಕಾಗುತ್ತದೆ.

ಮೇವನ್ ಬಳಸುವವರಿಗೆ ಇನ್ನೊಂದು ಮಾತು. ಅಲ್ಲಿ ವಿಂಗಡಣೆ ಫೋಲ್ಡರ್‌ನಿಂದಲ್ಲ, ಕ್ಲಾಸ್ ಹೆಸರಿನಿಂದ. ಟೆಸ್ಟ್ ಎಂದು ಮುಗಿದರೆ ಶ್ಯೂರ್‌ಫೈರ್ ಎಂಬ ಪ್ಲಗಿನ್ ಓಡಿಸುತ್ತದೆ, ಐಟಿ ಎಂದು ಮುಗಿದರೆ ಫೇಲ್‌ಸೇಫ್ ಎಂಬ ಪ್ಲಗಿನ್. ಫೇಲ್‌ಸೇಫ್ ಓಡಿಸಲು 'ಎಂವಿಎನ್ ವೆರಿಫೈ' ಕೊಡಿ, 'ಎಂವಿಎನ್ ಇಂಟಿಗ್ರೇಷನ್-ಟೆಸ್ಟ್' ಅಲ್ಲ. ಎರಡನೆಯದು ಕೊಟ್ಟರೆ ಸರ್ವರ್ ನಿಲ್ಲಿಸುವ ಹಂತಕ್ಕೆ ಹೋಗುವುದೇ ಇಲ್ಲ, ಫೇಲ್ ಆದ ಟೆಸ್ಟ್ ಬಿಲ್ಡನ್ನು ಕೆಡವುವುದೂ ಇಲ್ಲ.

ಪ್ರಶ್ನೆ: ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನಾಗ ಎಲ್ಲಾ ಪಾಸ್ ಆಗ್ತಾವ್ರಿ. ಸಿಐನಾಗ 'ಫೈಲ್ ಇಲ್ಲ' ಅಂತ 14 ಫೇಲ್. ಫೈಲ್ ಕಣ್ಣಿಗೆ ಕಾಣ್ತದ, ಟೆಸ್ಟ್ಸ್/ಡೇಟಾ ಒಳಗೇ ಅದ.
— ಒಬ್ಬರೇ ಕೆಲಸ ಮಾಡುವ ಡೆವಲಪರ್, ಸುರಪುರ

ಉತ್ತರ: ನಿಮ್ಮ ಕಣ್ಣಿಗೆ ಕಾಣುವುದು ನಿಮ್ಮ ಡಿಸ್ಕ್. ಸಿಐಗೆ ಕಾಣುವುದು ಗಿಟ್‌ನಲ್ಲಿರುವುದು ಮಾತ್ರ. ಮೊದಲು 'ಗಿಟ್ ಚೆಕ್-ಇಗ್ನೋರ್ -ವಿ' ಕೊಟ್ಟು ಆ ಫೈಲ್‌ನ ಪಾಥ್ ಬರೆಯಿರಿ. ಏನಾದರೂ ಉತ್ತರ ಬಂದರೆ ಕಳ್ಳ ಸಿಕ್ಕ: ಗಿಟ್‌ಇಗ್ನೋರ್‌ನ ಯಾವ ಸಾಲು ಅದನ್ನು ಹೊರಗಿಟ್ಟಿದೆ ಎಂದು ಸಾಲು ಸಂಖ್ಯೆ ಸಮೇತ ತೋರಿಸುತ್ತದೆ. 'ಡೇಟಾ/' ಎಂಬ ಸಾಲು ಬೇರಿನ ಡೇಟಾ ಫೋಲ್ಡರ್‌ಗೆ ಎಂದು ಬರೆದದ್ದು, ಯಾವ ಆಳದಲ್ಲಿದ್ದರೂ ಆ ಹೆಸರಿನ ಎಲ್ಲ ಫೋಲ್ಡರನ್ನೂ ಮುಚ್ಚಿಬಿಡುತ್ತದೆ. ಮುಂದೆ ಒಂದು ಓರೆಗೆರೆ ಸೇರಿಸಿ '/ಡೇಟಾ/' ಮಾಡಿದರೆ ಬೇರಿನದು ಮಾತ್ರ.

ಅದಲ್ಲವಾದರೆ ಅಕ್ಷರದ ಗಾತ್ರ ನೋಡಿ. ಫೋಲ್ಡರ್ ಹೆಸರು ದೊಡ್ಡ ಡಿಯಲ್ಲಿ, ಕೋಡ್‌ನಲ್ಲಿ ಸಣ್ಣ ಡಿ. ವಿಂಡೋಸ್‌ಗೆ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ. ಬರೀ ದೊಡ್ಡಕ್ಷರ ಸಣ್ಣಕ್ಷರದ ಬದಲಾವಣೆ ವಿಂಡೋಸ್‌ನಲ್ಲಿ ಕೈಕೊಡುವುದುಂಟು. ಆದ್ದರಿಂದ 'ಗಿಟ್ ಎಂವಿ' ಮಾಡಿ ಮೊದಲು ಬೇರೊಂದು ತಾತ್ಕಾಲಿಕ ಹೆಸರಿಗೆ, ಅಲ್ಲಿಂದ ಬೇಕಾದ ಹೆಸರಿಗೆ ಬದಲಿಸಿ.

ಮೂರನೆಯದು, ಪಾಥ್. 'ಡೇಟಾ/ರೇಟ್ಸ್.ಸಿಎಸ್‌ವಿ' ಎಂದು ಬರೆದರೆ ಅದು ಕಮಾಂಡ್ ಕೊಟ್ಟ ಜಾಗದಿಂದ ಹುಡುಕುತ್ತದೆ, ಟೆಸ್ಟ್ ಫೈಲ್ ಇರುವ ಜಾಗದಿಂದಲ್ಲ. ಪಾಥ್(__ಫೈಲ್__).ಪೇರೆಂಟ್ ಎಂದು ಶುರು ಮಾಡಿದರೆ ಎಲ್ಲಿಂದ ಓಡಿಸಿದರೂ ಸಿಗುತ್ತದೆ. ಔಟ್‌ಪುಟ್ ಬರೆಯುವ ಟೆಸ್ಟ್‌ಗಳು ಟೆಸ್ಟ್ಸ್ ಒಳಗೆ ಏನನ್ನೂ ಬರೆಯದಿರಲಿ, ಅದಕ್ಕೆ ಪೈಟೆಸ್ಟ್‌ನ ಟಿಎಂಪಿ_ಪಾಥ್ ಫಿಕ್ಸ್ಚರ್ ಇದೆ. ಖಾಲಿ 'ಔಟ್‌ಪುಟ್' ಫೋಲ್ಡರ್ ಇಟ್ಟು ಕಮಿಟ್ ಮಾಡಿದೆ ಎಂದುಕೊಂಡಿದ್ದರೆ ಅದೂ ಹೋಗಿಲ್ಲ, ಗಿಟ್ ಖಾಲಿ ಫೋಲ್ಡರನ್ನು ಇಟ್ಟುಕೊಳ್ಳುವುದಿಲ್ಲ.

ಉಲ್ಟಾ ಕೂಡ ಆಗುತ್ತದೆ, ಸಿಐನಲ್ಲಿ ಪಾಸ್, ವಿಂಡೋಸ್‌ನಲ್ಲಿ ಫೇಲ್. ಕನ್ನಡ ಅಕ್ಷರ ಇರುವ ಫೈಲನ್ನು ಎನ್‌ಕೋಡಿಂಗ್ ಹೇಳದೆ ತೆರೆದರೆ ವಿಂಡೋಸ್‌ನ ಪೈಥಾನ್ ಹಳೆಯ ಕೋಡ್‌ಪೇಜ್ ಹಿಡಿಯುತ್ತದೆ. ಡಿಕೋಡ್ ಎರರ್ ಬರುತ್ತದೆ, ಇಲ್ಲವೆ ಕಸದ ಅಕ್ಷರ ಬರುತ್ತವೆ. ಪ್ರತಿ ಓಪನ್‌ಗೂ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯಿರಿ. ಎಕ್ಸೆಲ್‌ನಿಂದ 'ಸಿಎಸ್‌ವಿ ಯುಟಿಎಫ್-8' ಎಂದು ಉಳಿಸಿದ ಫೈಲ್ ಆದರೆ ಯುಟಿಎಫ್-8-ಸಿಗ್. ಏಕೆಂದರೆ ಎಕ್ಸೆಲ್ ಫೈಲಿನ ತಲೆಯಲ್ಲಿ ಕಾಣದ ಒಂದು ಗುರುತು ಇಡುತ್ತದೆ, ಅದು ಮೊದಲ ಕಾಲಂನ ಹೆಸರಿಗೆ ಅಂಟಿಕೊಂಡು 'ಆ ಕಾಲಂ ಇಲ್ಲ' ಎನ್ನಿಸುತ್ತದೆ.

ಪ್ರಶ್ನೆ: ಟೆಸ್ಟ್ ಡೇಟಾ ಎಂದು ಗಿರಾಕಿಯ ಡೇಟಾಬೇಸ್ ಬ್ಯಾಕಪ್ಪನ್ನೇ ಗಿಟ್ ರೆಪೊದಲ್ಲಿ (ಕೋಡ್ ಭಂಡಾರದಲ್ಲಿ) ಇಟ್ಟಿದ್ದೇವೆ, 180 ಎಂಬಿ ಇದೆ. ಟೆಸ್ಟ್‌ಗಳು ನಿಜವಾದ ಡೇಟಾ ಮೇಲೆ ಓಡಲಿ ಎಂಬ ಉದ್ದೇಶ. ಸರಿಯೇ?
— ಟೀಮ್ ಲೀಡ್, ಭಾಲ್ಕಿ

ಉತ್ತರ: ತೆಗೆಯಿರಿ, ಇವತ್ತೇ. ಅದರಲ್ಲಿ ರೈತರ ಹೆಸರು, ಫೋನ್, ಬ್ಯಾಂಕ್ ಖಾತೆ ಇರುತ್ತವೆ. ರೆಪೊ ಕ್ಲೋನ್ ಮಾಡಿಕೊಂಡ ಪ್ರತಿ ಲ್ಯಾಪ್‌ಟಾಪ್‌ಗೂ ಅವು ಹೋಗಿವೆ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರ ಕಾಯ್ದೆಯೇ ಇದೆ. ಬರೀ ಅಳಿಸಿ ಕಮಿಟ್ ಮಾಡಿದರೆ ಹಳೆಯ ಕಮಿಟ್‌ಗಳಲ್ಲಿ ಫೈಲ್ ಉಳಿದೇ ಇರುತ್ತದೆ. 'ಗಿಟ್ ಫಿಲ್ಟರ್-ರೆಪೊ' ಬಳಸಿ ಇತಿಹಾಸದಿಂದಲೂ ತೆಗೆದು, ಎಲ್ಲರೂ ಹೊಸದಾಗಿ ಕ್ಲೋನ್ ಮಾಡಿಕೊಳ್ಳಬೇಕು. ಒಬ್ಬರು ಹಳೆಯ ಕ್ಲೋನ್‌ನಿಂದ ಪುಷ್ ಮಾಡಿದರೂ ಅದು ವಾಪಸ್ ಬರುತ್ತದೆ.

ಅದರ ಜಾಗದಲ್ಲಿ ನೀವೇ ಕಟ್ಟಿದ ಸಣ್ಣ ಡೇಟಾ ಇಡಿ. ಎರಡು ಲಕ್ಷ ಸಾಲು ಇದ್ದರೆ ಟೆಸ್ಟ್ ಗಟ್ಟಿಯಾಗುವುದಿಲ್ಲ, ತೊಡಕಿನ 20 ಸಾಲು ಇದ್ದರೆ ಆಗುತ್ತದೆ. ನಮ್ಮ ಭಾಗದ ಸಾಫ್ಟ್‌ವೇರ್‌ಗೆ ತೊಡಕು ಹುಡುಕಿಕೊಂಡು ದೂರ ಹೋಗಬೇಕಿಲ್ಲ. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾಯಿತು, ಹಳೆಯ ಗ್ರಾಹಕ ಪಟ್ಟಿಗಳಲ್ಲಿ ಎರಡೂ ಹೆಸರು ಇರುತ್ತವೆ. ಎರಡನ್ನೂ ಕೊಟ್ಟು ಒಂದೇ ಜಿಲ್ಲೆ ಬರುತ್ತದೆಯೇ ನೋಡಿ. ಯಾದಗಿರಿ ಜಿಲ್ಲೆ ಆದದ್ದು 2009ರ ಡಿಸೆಂಬರ್‌ನಲ್ಲಿ. ಅದಕ್ಕೂ ಹಿಂದಿನ ದಾಖಲೆಯಲ್ಲಿ ಶಹಾಪುರ, ಸುರಪುರ ಗುಲ್ಬರ್ಗಾ ಜಿಲ್ಲೆಯೊಳಗೇ ಇರುತ್ತವೆ. ಲಾರಿ ನಂಬರ್ ತೆಗೆದುಕೊಳ್ಳುವ ಕಡೆ ಕೆಎ 32, ಕೆಎ 33, ಕೆಎ 38 ಜೊತೆಗೆ ನಿಮ್ಮೂರಿನ ಕೆಎ 39 ಕೂಡ ಇರಲಿ. ಬೀದರ್ ಜಿಲ್ಲೆ ಎಂದರೆ 38 ಒಂದೇ ಎಂದು ಬರೆದ ಕೋಡ್ ಅಲ್ಲೇ ಸಿಕ್ಕಿಬೀಳುತ್ತದೆ.

ಕನ್ನಡ ಪಠ್ಯದ್ದು ಬೇರೆಯೇ ಗೋಳು. 'ಬೀದರ್' ಕಣ್ಣಿಗೆ ಮೂರು ಅಕ್ಷರ, ಪೈಥಾನ್‌ನ ಲೆನ್ ಎಣಿಕೆಯಲ್ಲಿ 5, ಯುಟಿಎಫ್-8ರಲ್ಲಿ 15 ಬೈಟ್. ಪ್ರಿಂಟ್‌ನಲ್ಲಿ ಹೆಸರನ್ನು ಇಂತಿಷ್ಟಕ್ಕೆ ಕತ್ತರಿಸುವ ಕೋಡ್ ಇದ್ದರೆ ಅಕ್ಷರದ ನಡುವೆಯೇ ಕತ್ತರಿ ಬೀಳುತ್ತದೆ. 'ಕೋ' ಎಂಬುದರ ಸ್ವರಚಿಹ್ನೆ ಒಂದೇ ಕೋಡ್‌ಪಾಯಿಂಟ್ ಆಗಿಯೂ ಬರಬಹುದು, ಮೂರು ತುಂಡಾಗಿಯೂ ಬರಬಹುದು. ನೋಡಲು ಒಂದೇ, ಹೋಲಿಸಿದರೆ ಬೇರೆ. ಎನ್‌ಎಫ್‌ಸಿ ಎಂಬ ಯುನಿಕೋಡ್‌ನ ಏಕರೂಪಕ್ಕೆ ತಂದ ಮೇಲೆ ಹೋಲಿಸಬೇಕು. 'ಬೀದರ್‌ಗೆ' ಎಂಬಲ್ಲಿ ರ್ ಮತ್ತು ಗೆ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆಯೊಂದಿದೆ. ಅದನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ, ಹುಡುಕುವ ಕೋಡ್ ತಾನೇ ನೋಡಿಕೊಳ್ಳಬೇಕು. ಈ ಮೂರಕ್ಕೂ ಒಂದೊಂದು ಸಾಲು ಇಡಿ.

ಜಾಗದ ವಿಷಯ: ಒಂದೇ ಟೆಸ್ಟ್ ಬಳಸುವ ಡೇಟಾ ಆ ಟೆಸ್ಟ್‌ನ ಪಕ್ಕದಲ್ಲಿ, ಎರಡು ಮೂರು ಕಡೆ ಬೇಕಾದದ್ದು ಟೆಸ್ಟ್ಸ್/ಡೇಟಾ ಒಳಗೆ. ನಾಲ್ಕೈದು ಸಾಲಿನ ಡೇಟಾ ಆದರೆ ಫೈಲೇ ಬೇಡ, ಟೆಸ್ಟ್‌ನೊಳಗೆ ಬರೆಯಿರಿ. ಓದುವವರು ಎರಡು ಫೈಲ್ ನಡುವೆ ಓಡಾಡುವುದು ತಪ್ಪುತ್ತದೆ.

ಪ್ರಶ್ನೆ: ನಮ್ಮ ಬೇರಿನ ಕಾನ್ಫ್‌ಟೆಸ್ಟ್ 900 ಸಾಲು ಆಗಿದೆ. ಯಾವ ಫಿಕ್ಸ್ಚರ್ ಯಾರಿಗೆ ಬೇಕು ಗೊತ್ತಿಲ್ಲ, ಮುಟ್ಟಲು ಹೆದರಿಕೆ.
— ಆಟೊಮೇಷನ್ ಟೆಸ್ಟರ್, ಕಲಬುರಗಿ

ಉತ್ತರ: 'ಪೈಟೆಸ್ಟ್ --ಫಿಕ್ಸ್ಚರ್ಸ್-ಪರ್-ಟೆಸ್ಟ್' ಎಂದರೆ ಪ್ರತಿ ಟೆಸ್ಟ್ ಯಾವ ಫಿಕ್ಸ್ಚರ್ ಬಳಸುತ್ತದೆ ಎಂದು ಪಟ್ಟಿ ಕೊಡುತ್ತದೆ. ಅದನ್ನು ಇಟ್ಟುಕೊಂಡು ಒಂದೊಂದೇ ಫಿಕ್ಸ್ಚರನ್ನು ಅದನ್ನು ಬಳಸುವ ಅತಿ ಒಳಗಿನ ಫೋಲ್ಡರ್‌ನ ಕಾನ್ಫ್‌ಟೆಸ್ಟ್‌ಗೆ ಇಳಿಸಿ. ಪ್ರತಿ ಇಳಿಕೆಗೂ ಒಮ್ಮೆ ಓಡಿಸಿ. ಹೊರಗಿನದೂ ಒಳಗಿನದೂ ಒಂದೇ ಹೆಸರಿನಲ್ಲಿದ್ದರೆ ಟೆಸ್ಟ್‌ಗೆ ಹತ್ತಿರದ್ದೇ ಗೆಲ್ಲುತ್ತದೆ. ಬೇಕೆಂದೇ ಮಾಡಿದರೆ ಅನುಕೂಲ, ಗೊತ್ತಿಲ್ಲದೆ ಆದರೆ ಅರ್ಧ ದಿನ ಹೋಗುತ್ತದೆ. ಪೈಟೆಸ್ಟ್_ಪ್ಲಗಿನ್ಸ್ ಎಂಬ ಸಾಲನ್ನು ಮಾತ್ರ ಒಳಗೆ ಇಳಿಸಬೇಡಿ, ಅದು ಬೇರಿನ ಕಾನ್ಫ್‌ಟೆಸ್ಟ್‌ನಲ್ಲೇ ಇರಬೇಕು. ಒಳಗಿಟ್ಟರೆ ಎರರ್.

ಡೇಟಾಬೇಸ್ ಫಿಕ್ಸ್ಚರನ್ನು ಎರಡಾಗಿ ಸೀಳಿ. ಟೇಬಲ್‌ಗಳನ್ನು ಸೃಷ್ಟಿಸುವುದು ಸೆಷನ್ ಸ್ಕೋಪ್‌ನಲ್ಲಿ, ಒಂದೇ ಸಲ. ಪ್ರತಿ ಟೆಸ್ಟ್‌ಗೆ ಟ್ರಾನ್ಸಾಕ್ಷನ್ ತೆರೆದು ಕೊನೆಗೆ ರೋಲ್‌ಬ್ಯಾಕ್ ಮಾಡುವುದು ಫಂಕ್ಷನ್ ಸ್ಕೋಪ್‌ನಲ್ಲಿ. ವೇಗಕ್ಕೆಂದು ಟೆಸ್ಟ್‌ಗಳನ್ನು ಏಕಕಾಲಕ್ಕೆ ಓಡಿಸುವ ಎಕ್ಸ್‌ಡಿಸ್ಟ್ ಪ್ಲಗಿನ್ ಹಾಕಿ ನಾಲ್ಕು ವರ್ಕರ್ ಓಡಿಸಿದರೆ ಸೆಷನ್ ಫಿಕ್ಸ್ಚರ್ ನಾಲ್ಕು ಸಲ ಓಡುತ್ತದೆ, ಪ್ರತಿ ವರ್ಕರ್ ಬೇರೆ ಪ್ರೋಸೆಸ್. ಎಲ್ಲವೂ ಒಂದೇ ಡೇಟಾಬೇಸ್ ಹೆಸರು ಬಳಸಿದರೆ ಒಬ್ಬರ ಟೇಬಲನ್ನು ಇನ್ನೊಬ್ಬರು ಅಳಿಸುತ್ತಾರೆ. ಹೆಸರಿನ ಕೊನೆಗೆ ವರ್ಕರ್_ಐಡಿ ಸೇರಿಸಿ.

ಏನೂ ಎಬ್ಬಿಸದೆ, ಏನೂ ಮುಚ್ಚದೆ ಬರೀ ಒಂದು ಡಿಕ್ಷನರಿ ಕೊಡುವ ಫಿಕ್ಸ್ಚರ್‌ಗಳು ನಿಮ್ಮ 900 ಸಾಲಿನಲ್ಲಿ ಬಹಳ ಇರಬೇಕು. ಅವನ್ನೆಲ್ಲ ಸಾದಾ ಫಂಕ್ಷನ್ ಮಾಡಿ.

ಪ್ರಶ್ನೆ: ಬ್ರೌಸರ್ ನಡೆಸುವ ಸೆಲೇನಿಯಂ ಟೆಸ್ಟ್‌ಗಳಲ್ಲಿ ಪೇಜ್ ಕ್ಲಾಸ್‌ಗಳನ್ನು (ಒಂದೊಂದು ಪುಟದ ಬಟನ್, ಖಾನೆಗಳನ್ನು ಮುಟ್ಟುವ ಕೋಡ್) ಎಲ್ಲಿ ಇಡಬೇಕು?
— ಬಸವಕಲ್ಯಾಣ

ಉತ್ತರ: ಇ2ಇ/ಪೇಜಸ್ ಒಳಗೆ, ಟೆಸ್ಟ್‌ಗಳಿಂದ ಬೇರೆ. ಕ್ಲಾಸ್ ಹೆಸರು ಟೆಸ್ಟ್ ಎಂದು ಶುರುವಾಗದಿರಲಿ. ಅಲ್ಲಿ ಅಸರ್ಟ್ (ಬಂದದ್ದು ಸರಿಯೇ ಎಂದು ನೋಡುವ ಸಾಲು) ಬರೆದರೆ, ಫೇಲ್ ಆದಾಗ ಎರಡೂ ಬದಿಯ ಬೆಲೆ (ವ್ಯಾಲ್ಯೂ) ತೋರಿಸದೆ ಬರೀ ಅಸರ್ಷನ್ ಎರರ್ ಎಂದಷ್ಟೇ ಬರುತ್ತದೆ. ಟೆಸ್ಟ್ ಫೈಲ್ ಅಲ್ಲದ ಕಡೆ ಪೈಟೆಸ್ಟ್ ಅಸರ್ಟನ್ನು ಬಿಡಿಸಿ ಬರೆಯುವುದಿಲ್ಲ. ಪೇಜ್ ಕ್ಲಾಸ್ ಬೆಲೆಯನ್ನು ವಾಪಸ್ ಕೊಡಲಿ, ಅಸರ್ಟ್ ಟೆಸ್ಟ್‌ನಲ್ಲಿರಲಿ.

ಪ್ರಶ್ನೆ: ಬಗ್ ನಂಬರ್ ಹೆಸರಿನಲ್ಲಿ, ಬರೆದವರ ಹೆಸರಿನಲ್ಲಿ ಟೆಸ್ಟ್ ಫೋಲ್ಡರ್ ಇಡಬಹುದೇ?
— ಸೇಡಂ

ಉತ್ತರ: ಬೇಡ. ಬರೆದವರು ಯಾರೆಂದು ಗಿಟ್ ಹೇಳುತ್ತದೆ. ಬಗ್ ನಂಬರನ್ನು ಟೆಸ್ಟ್‌ನ ಮೇಲೆ ಕಾಮೆಂಟ್‌ನಲ್ಲಿ ಬರೆಯಿರಿ.

ಪ್ರಶ್ನೆ: ಸಿಐ ಮೂರು ವಾರದಿಂದ ಹಸಿರು. ನೋಡಿದರೆ ಒಂದು ಫೋಲ್ಡರ್‌ನ ಟೆಸ್ಟ್‌ಗಳು ಓಡಿಯೇ ಇಲ್ಲ. ಎರರ್ ಯಾಕೆ ಬರಲಿಲ್ಲ?
— ಯಾದಗಿರಿ

ಉತ್ತರ: ಪೈಟೆಸ್ಟ್ ನೋಡುವುದು ಟೆಸ್ಟ್_ ಎಂದು ಶುರುವಾಗುವ ಅಥವಾ _ಟೆಸ್ಟ್ ಎಂದು ಮುಗಿಯುವ ಪೈಥಾನ್ ಫೈಲುಗಳನ್ನು ಮಾತ್ರ. ಸ್ಟಾಕ್‌ಟೆಸ್ಟ್.ಪೈ ಎಂದು ಅಂಡರ್‌ಸ್ಕೋರ್ ಇಲ್ಲದೆ ಬರೆದರೆ ಅದರ ಕಣ್ಣಿಗೆ ಬೀಳುವುದಿಲ್ಲ. ಟೆಸ್ಟ್‌ಪಾಥ್ಸ್ ಸೆಟ್ಟಿಂಗ್‌ನಲ್ಲಿ ಯುನಿಟ್ ಮಾತ್ರ ಬರೆದು ಇಂಟಿಗ್ರೇಷನ್ ಬಿಟ್ಟಿದ್ದರೂ ಇದೇ ಫಲ. ಕ್ಲಾಸ್‌ಗೆ __ಇನಿಟ್__ ಮೆಥಡ್ ಇದ್ದರೆ ಆ ಕ್ಲಾಸ್ ಪೂರ್ತಿ ಹೊರಗೆ, ಬರೀ ವಾರ್ನಿಂಗ್‌ನೊಂದಿಗೆ. ಒಂದೇ ಫೈಲ್‌ನಲ್ಲಿ ಒಂದೇ ಹೆಸರಿನ ಎರಡು ಟೆಸ್ಟ್ ಫಂಕ್ಷನ್ ಇದ್ದರೆ ಮೊದಲನೆಯದು ಸದ್ದಿಲ್ಲದೆ ಮಾಯ. ಕಾಪಿ ಪೇಸ್ಟ್ ಮಾಡಿ ಹೆಸರು ಬದಲಿಸಲು ಮರೆತಾಗ ಆಗುವುದು ಇದು.

ಒಂದೂ ಟೆಸ್ಟ್ ಸಿಗದಿದ್ದರೆ ಪೈಟೆಸ್ಟ್ 5 ಎಂಬ ಎಕ್ಸಿಟ್ ಕೋಡ್ ಕೊಟ್ಟು ಸಿಐಯನ್ನು ಕೆಂಪು ಮಾಡುತ್ತದೆ. ಹತ್ತು ಸಿಕ್ಕು ಇಪ್ಪತ್ತು ಕಳೆದುಹೋದರೆ ಅದಕ್ಕೆ ಗೊತ್ತಾಗುವುದಿಲ್ಲ. ಸಿಐ ಸ್ಕ್ರಿಪ್ಟ್‌ನಲ್ಲಿ ಮೂರೂ ಫೋಲ್ಡರನ್ನು ಬೇರೆ ಬೇರೆ ಹೆಜ್ಜೆಯಾಗಿ ಓಡಿಸಿ, ಆಗ ಖಾಲಿಯಾದ ಫೋಲ್ಡರ್ ತಾನೇ 5 ಕೊಟ್ಟು ನಿಲ್ಲುತ್ತದೆ. ಕಮಾಂಡ್‌ನ ಕೊನೆಗೆ ಯಾರಾದರೂ ಫೇಲ್ ಆದರೂ ಪಾಸ್ ಎನ್ನಿಸುವ '|| ಟ್ರೂ' ಅಂಟಿಸಿದ್ದಾರೆಯೇ ಎಂದೂ ನೋಡಿ. ಗಡಿಬಿಡಿಯ ದಿನ ಹಾಕಿದ್ದು ಹಾಗೇ ಉಳಿದಿರುತ್ತದೆ.

ಪ್ರಶ್ನೆ: ಬಿಲ್ ದಿನಾಂಕದ ಎರಡು ಟೆಸ್ಟ್ ಹಗಲಲ್ಲಿ ಪಾಸ್, ನಸುಕಿನಲ್ಲಿ ಓಡಿದರೆ ಫೇಲ್. ಯಾವ ಫೋಲ್ಡರ್‌ಗೆ ಹಾಕಲಿ? 'ಫ್ಲೇಕಿ' ಎಂದು ಹೊಸದು ಮಾಡಲೇ?
— ಕಲಬುರಗಿ

ಉತ್ತರ: ಇದು ಫ್ಲೇಕಿ (ಕಾರಣವಿಲ್ಲದೆ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವಂಥದ್ದು) ಅಲ್ಲ, ಗಡಿಯಾರ ನೋಡಿದಂತೆ ಅದೇ ಹೊತ್ತಿಗೆ ಫೇಲ್ ಆಗುತ್ತಿದೆ. ಸಿಐ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತವೆ, ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮ ರಾತ್ರಿ 12ರಿಂದ ಬೆಳಗಿನ 5.30ರವರೆಗೆ ಅಲ್ಲಿ ಇನ್ನೂ ನಿನ್ನೆ. ಕೋಡ್‌ನ ಒಂದು ಭಾಗ ಸರ್ವರ್‌ನ ದಿನಾಂಕ, ಇನ್ನೊಂದು ಭಾಗ ಭಾರತದ ದಿನಾಂಕ ತೆಗೆದುಕೊಳ್ಳುತ್ತಿದೆ. ಏಪ್ರಿಲ್ 1ರ ನಸುಕಿನಲ್ಲಿ ಹಾಕಿದ ಬಿಲ್ ಹೋದ ಹಣಕಾಸು ವರ್ಷಕ್ಕೆ ಸೇರಿಬಿಡುತ್ತದೆ. ಹಾಗಾಗಿ ಫೇಲ್ ಆದ ಟೆಸ್ಟ್ ನಿಜವಾದ ತಪ್ಪನ್ನೇ ತೋರಿಸುತ್ತಿದೆ, ಮೂಲೆಗೆ ತಳ್ಳಬೇಡಿ.

ಬಿಲ್ ಫಂಕ್ಷನ್ ಒಳಗೆ 'ಈಗ' ಎಂದು ಕೇಳುವುದನ್ನು ತೆಗೆದು, ದಿನಾಂಕವನ್ನು ಹೊರಗಿನಿಂದ ಆರ್ಗ್ಯುಮೆಂಟ್ ಆಗಿ ಕೊಡಿ. ಹೊರಗಡೆ ಒಂದೇ ಜಾಗದಲ್ಲಿ ಝೋನ್‌ಇನ್ಫೋ ಬಳಸಿ ಏಷ್ಯಾ/ಕೋಲ್ಕತಾ ಸಮಯ ತೆಗೆಯಿರಿ. ವಿಂಡೋಸ್‌ನಲ್ಲಿ ಅದಕ್ಕೆ ಟಿಜೆಡ್‌ಡೇಟಾ ಪ್ಯಾಕೇಜ್ ಕೂಡ ಬೇಕು. ಆಗ ಮಾರ್ಚ್ 31 ರಾತ್ರಿ 11.59 ಮತ್ತು ಏಪ್ರಿಲ್ 1 ಬೆಳಗಿನ 12.01, ಎರಡನ್ನೂ ಕೈಯಾರೆ ಕೊಟ್ಟು ನೋಡಬಹುದು. ಗಡಿಯಾರ ಮುಟ್ಟದ ಆ ಎರಡು ಟೆಸ್ಟ್ ಯುನಿಟ್/ಬಿಲ್ ಒಳಗೇ ಇರಲಿ.